ಗೃಹಶುಶ್ರೂಷೆಯ ಶಿಕ್ಷಣವನ್ನು ಕುರಿತು

ರೋಗಿಯ ಸೇವೆಯು ಕಲಿತು ಮಾಡತಕ್ಕ ಕಾರ್ಯವೋ, ಅಥವಾ ಸ್ನೇಹವಿದ್ದಲ್ಲಿ ತಾನಾಗಿ ಬರತಕ್ಕದ್ದೋ ಎಂಬ ವಿಚಾರವು ನಮ್ಮ ಮನೆಗಳಲ್ಲಿ ಈಚೆಗೆ ಹುಟ್ಟಿದುದು. ಹಿಂದಿನವರು ಇದನ್ನು ಕೇಳಿಕೊಂಡಂತೆ ಕಾಣುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಅತ್ತೆಯ ಕೈಯನ್ನು ನೋಡಿ ಸೊಸೆಯೂ, ಸೊಸೆಯ ಕೈಯನ್ನು ನೋಡಿ ಮೊಮ್ಮಗಳೂ ಗಂಜಿ ಕುಡಿಸುವುದನ್ನು, ಮಗ್ಗುಲು ತಿರುಗಿಸುವುದನ್ನು ಕಲಿಯುತ್ತಿದ್ದರು. ಕಲಿಯುತ್ತಿದ್ದೇವೆಂಬ ಅರಿವು ಸಹ ಅವರಿಗೆ ಇರುತ್ತಿರಲಿಲ್ಲ. ರೋಗಗಳೂ ಅಂದು ಬಹುಮಟ್ಟಿಗೆ ಬೇಗನೆ ತೀರ್ಮಾನಕ್ಕೆ ಬರುತ್ತಿದ್ದುವು. ಇಂದಿನ ಸ್ಥಿತಿ ಬೇರೆ. ಪಾರ್ಶ್ವವಾಯು ಬಡಿದವನನ್ನು ವೈದ್ಯರು ಬದುಕಿಸಿ, ಮೂಗಿನಲ್ಲಿ ಆಹಾರದ ನಳಿಗೆಯನ್ನೂ ಮೂತ್ರಕ್ಕೊಂದು ಚೀಲವನ್ನೂ ಇರಿಸಿ, ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಆಸ್ಪತ್ರೆಯಲ್ಲಿ ಮೂವರು ದಾದಿಯರು ಸರದಿಯಿಂದ ಮಾಡುತ್ತಿದ್ದ ಕೆಲಸವು ಮರುದಿನ ಬೆಳಿಗ್ಗೆ ಮನೆಯ ಒಬ್ಬರ ಕೈಗೆ ಬರುವುದು. 2011ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ 60 ವರ್ಷ ಮೀರಿದವರು 10 ಕೋಟಿಗೂ ಮಿಕ್ಕಿದ್ದರು. ಈ ಲೇಖಕನೂ ಅಂದಿನಿಂದೀಚೆಗೆ ಆ ಗುಂಪಿಗೆ ಸೇರಿದವನಾದುದರಿಂದ ಈ ವಿಚಾರವು ಅವನಿಗೆ ಕೇವಲ ತರ್ಕದ ವಿಷಯವಲ್ಲ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ತಂದೆಯನ್ನು ನೋಡಿಕೊಳ್ಳುವುದಕ್ಕೆ ಮಗನಿಗೆ ಪಾಠವೇಕೆ? ತಾಯಿ ಮಗುವಿಗೆ ಹಾಲೂಡುವುದನ್ನು ಯಾವ ಶಾಲೆಯಲ್ಲಿ ಕಲಿತಳು? ಪ್ರೀತಿಯನ್ನು ಪಾಠಪಟ್ಟಿಗೆ ಇಳಿಸಿ, ಅದಕ್ಕೆ ಶುಲ್ಕ ಕಟ್ಟಿಸಿಕೊಂಡು, ಕೊನೆಯಲ್ಲಿ ಪ್ರಮಾಣಪತ್ರ ಕೊಡುವುದು ಕಲಿಕಾಲದ ವಿನೋದವಲ್ಲದೆ ಮತ್ತೇನು? ಹೀಗೆಂದು ವಾದಿಸುವವರು ನಮ್ಮ ಸಂಘದಲ್ಲಿಯೇ ಇದ್ದಾರೆ, ಅವರು ದಡ್ಡರಲ್ಲ. ಅವರ ಮಾತಿನಲ್ಲಿ ಒಂದು ನೋವಿದೆ. ಮನೆಯೊಳಗಿನ ಸಹಜವಾದ ಒಂದೊಂದು ಕಾರ್ಯವೂ ಪೇಟೆಯ ಸರಕಾಗುತ್ತಿರುವುದನ್ನು ಕಂಡವರ ನೋವು ಅದು.

ಆದರೂ ಈ ಪಕ್ಷವು ನಿಲ್ಲುವುದಿಲ್ಲ. ಚೊಚ್ಚಲ ಬಾಣಂತಿಯು ಹಾಲೂಡುವುದನ್ನು ತಾನಾಗಿ ಕಲಿತಳೆಂಬುದು ಗಂಡಸರು ಮಾತ್ರ ನಂಬುವ ಮಾತು; ಪಕ್ಕದಲ್ಲಿ ಕುಳಿತ ಹಿರಿಯಳು ಮಗುವಿನ ತಲೆಯನ್ನು ಹೀಗೆ ಹಿಡಿ, ಹಾಗೆ ಹಿಡಿ ಎಂದು ಹೇಳಿಕೊಟ್ಟುದನ್ನು ಹೆಂಗಸರು ಬಲ್ಲರು. ಹಾಗೆಯೇ, ತಂದೆಯ ಮೇಲೆ ಪ್ರಾಣವನ್ನೇ ಇಟ್ಟಿರುವ ಮಗನು ಅವನನ್ನು ಮಂಚದಿಂದ ಎಬ್ಬಿಸುವಾಗ ಸೋತ ಕೈಯನ್ನೇ ಹಿಡಿದು ಎಳೆಯುವನು. ಲಕ್ವ ಹೊಡೆದ ಕೈಯ ಭುಜದ ಕೀಲು ಸಡಿಲವಾಗಿರುವುದರಿಂದ ಅದು ಜಾರಿ, ಆಮೇಲೆ ತಿಂಗಳುಗಟ್ಟಲೆ ನೋವು. ತಾಯಿಯನ್ನು ದೇವರೆಂದು ಭಾವಿಸಿದ ಮಗಳು ಆಕೆಗೆ ಶ್ರಮವಾಗದಿರಲೆಂದು ಮಲಗಿಸಿಯೇ ಗಂಜಿ ಹಾಕುವಳು. ನುಂಗುವ ಶಕ್ತಿ ಕುಂದಿದವರಲ್ಲಿ ಆ ಗಂಜಿಯು ಶ್ವಾಸಕೋಶಕ್ಕೆ ಇಳಿದು ಜ್ವರ ಬರುವುದು. ಇವರಿಬ್ಬರಲ್ಲಿ ಪ್ರೀತಿಗೆ ಕೊರತೆಯಿತ್ತೆ? ಇರಲಿಲ್ಲ. ಸ್ನೇಹವು ಕಾರ್ಯದಲ್ಲಿ ಪ್ರವೃತ್ತಿಯನ್ನು ಕೊಡುವುದು. ಕಾರ್ಯದ ಪ್ರಕಾರವನ್ನು ಕೊಡಲಾರದು.

ಇದನ್ನು ಚರಕಾಚಾರ್ಯರು ಬಹು ಹಿಂದೆಯೇ ಕಂಡಿದ್ದರು. ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿ, ವೈದ್ಯ, ಔಷಧ, ರೋಗಿಗಳೊಡನೆ ಪರಿಚಾರಕನನ್ನೂ ಒಂದು ಪಾದವಾಗಿ ಎಣಿಸಿದ್ದಾರೆ. ಅವನಿಗೆ ವಿಧಿಸಿದ ಗುಣಗಳು ನಾಲ್ಕು: ಉಪಚಾರವನ್ನು ಬಲ್ಲವನಾಗಿರುವುದು, ದಕ್ಷತೆ, ಅನುರಾಗ, ಶುಚಿತ್ವ. ಅನುರಾಗವು ಮೂರನೆಯದು, ಉಪಚಾರಜ್ಞಾನವೇ ಮೊದಲನೆಯದು. ಒಂದು ಅಂಶವನ್ನು ಮಾತ್ರ ಪಂಡಿತರು ಮರೆಯಬಾರದು. ಅಲ್ಲಿ ಹೇಳಿರುವ ಅನುರಾಗವು ಒಡೆಯನ ವಿಷಯದಲ್ಲಿ ಇರಬೇಕಾದ ಅನುರಾಗ. ಎಂದರೆ ಆಚಾರ್ಯರ ಕಣ್ಣ ಮುಂದೆ ಇದ್ದವನು ಊಳಿಗದವನೇ ಹೊರತು ಮಗನೂ ಸೊಸೆಯೂ ಅಲ್ಲ. ಆದುದರಿಂದ ಆ ವಾಕ್ಯವನ್ನು ಇಂದಿನ ಮನೆಗೆ ನೇರವಾಗಿ ತಂದು ಅಂಟಿಸುವುದು ಯುಕ್ತವಲ್ಲ. ಊಳಿಗದವನಲ್ಲಿ ಅನುರಾಗವನ್ನು ಹುಟ್ಟಿಸಬೇಕಾಗಿತ್ತು. ಮನೆಯವರಲ್ಲಿ ಅದು ಮೊದಲೇ ಉಂಟು. ಉಳಿದ ಮೂರನ್ನು ಹುಟ್ಟಿಸುವುದೇ ಶಿಕ್ಷಣದ ಕೆಲಸವೆಂದು ಇಷ್ಟನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬಹುದು.

ಈಚಿನ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರು ದಾದಿಯರ ವೃತ್ತಿಗೆ ಅಂಟಿಕೊಂಡಿರುವುದು ಎಲ್ಲರಿಗೂ ತಿಳಿದುದೇ. ಆದರೆ 1859ರಲ್ಲಿ ಆಕೆ ಪ್ರಕಟಿಸಿದ ಶುಶ್ರೂಷೆಯ ಚಿಕ್ಕ ಪುಸ್ತಕವು ವೃತ್ತಿಯ ದಾದಿಯರಿಗಾಗಿ ಬರೆದುದಲ್ಲ. ಮನೆಯಲ್ಲಿ ಒಬ್ಬರಲ್ಲ ಒಬ್ಬರ ಆರೋಗ್ಯದ ಹೊಣೆ ಹೊತ್ತ ಸಾಮಾನ್ಯ ಸ್ತ್ರೀಯರಿಗಾಗಿ ಬರೆದುದು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ದಾದಿಯರ ಶಾಲೆ ಆರಂಭವಾದುದು ಅದರ ಮರುವರ್ಷ. ಮನೆಯವರಿಗೆ ಕಲಿಸುವ ಯೋಚನೆಯು ವೃತ್ತಿಯವರ ಶಾಲೆಗಿಂತ ಮುಂಚೆಯೇ ಅಚ್ಚಿನಲ್ಲಿ ಬಂದಿತ್ತು.

ನಮ್ಮಲ್ಲಿ ಗಾಂಧೀಜಿಯವರ ಉದಾಹರಣೆಯುಂಟು. ದರ್ಬಾನಿನಲ್ಲಿ ವಕೀಲಿ ನಡೆಸುತ್ತಿದ್ದಾಗ ಅವರು ಪಾರಸಿ ರುಸ್ತುಮಜಿಯವರ ದಾನದಿಂದ ನಡೆಯುತ್ತಿದ್ದ ಒಂದು ಚಿಕ್ಕ ಧರ್ಮಾಸ್ಪತ್ರೆಗೆ ದಿನವೂ ಬೆಳಿಗ್ಗೆ ಹೋಗಿ ಸೇವೆ ಮಾಡುತ್ತಿದ್ದರು. ರೋಗಿಗಳ ದೂರನ್ನು ಕೇಳಿ ತಿಳಿದುಕೊಳ್ಳುವುದು, ಅದನ್ನು ವೈದ್ಯರಿಗೆ ಒಪ್ಪಿಸುವುದು, ಬರೆದ ಔಷಧವನ್ನು ಹಂಚುವುದು, ಇಷ್ಟೇ ಅವರ ಕೆಲಸ. ಮಕ್ಕಳನ್ನು ಸಾಕುವುದಕ್ಕಾಗಿ ಗುಜರಾತಿಯಲ್ಲಿ ಡಾಕ್ಟರ್ ತ್ರಿಭುವನದಾಸರು ತಾಯಂದಿರಿಗಾಗಿ ಬರೆದ ಪುಸ್ತಕವನ್ನು ಓದಿದರು. ಕೊನೆಯ ಮಗು ಹುಟ್ಟಿದಾಗ ವೈದ್ಯರೂ ಸೂಲಗಿತ್ತಿಯೂ ಸಮಯಕ್ಕೆ ಒದಗದೆ ಹೋಗಲು ತಾವೇ ಹೆರಿಗೆಯನ್ನು ಮಾಡಿಸಿದರು. ಮುಂದೆ ಸೇವಾಗ್ರಾಮದಲ್ಲಿ ಕುಷ್ಠರೋಗ ಹತ್ತಿದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳ ಮೈಯನ್ನು ತಮ್ಮ ಕೈಯಿಂದಲೇ ತಿಕ್ಕುತ್ತಿದ್ದರು. ಜನರು ಈ ಕಡೆಯ ಚಿತ್ರವನ್ನು ನೋಡಿ ಕರುಣೆಯೆಂದು ಕೈಮುಗಿಯುವರು. ಅದರ ಹಿಂದೆ ಧರ್ಮಾಸ್ಪತ್ರೆಯ ಬೆಳಗಿನ ಹೊತ್ತುಗಳೂ ಓದಿದ ಪುಸ್ತಕವೂ ಇದ್ದುವೆಂಬುದನ್ನು ಎಷ್ಟು ಮಂದಿ ನೆನೆಯುವರು?

ಹೀಗೆ ಕಲಿಯಬೇಕೆಂಬುದು ಸಿದ್ಧವಾಗಲು, ಯಾವುದನ್ನು ಕಲಿಯಬೇಕೆಂಬ ಪ್ರಶ್ನೆಯು ಏಳುವುದು. ಈಗ ತರಬೇತಿಗಳಿಗೆ ಕೊರತೆಯಿಲ್ಲ. ಸೇಂಟ್ ಜಾನ್ ಆಂಬ್ಯುಲೆನ್ಸಿನವರು ಪ್ರಥಮ ಚಿಕಿತ್ಸೆಯೊಡನೆ ಗೃಹಶುಶ್ರೂಷೆಯ ತರಗತಿಯನ್ನೂ ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಕೌಶಲ ಯೋಜನೆಗಳಡಿಯಲ್ಲಿ ಮನೆಯ ಆರೋಗ್ಯ ಸಹಾಯಕರೆಂಬ ವೃತ್ತಿಗೆ ತರಬೇತಿಯುಂಟು. ಬುದ್ಧಿಮಾಂದ್ಯ, ಆಟಿಸಂ ಮೊದಲಾದುವುಳ್ಳ ಮಕ್ಕಳ ತಂದೆತಾಯಿಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಒಂಬತ್ತು ಸಾಮೂಹಿಕ ಪಾಠಗಳೂ ಮೂರು ಸಲ ಮನೆಗೆ ಬಂದು ನೋಡುವ ಭೇಟಿಗಳೂ ಇರುವ ಒಂದು ಕ್ರಮವನ್ನು ರಚಿಸಿದ್ದಾರೆ. ಮರೆವಿನ ರೋಗದವರನ್ನು ನೋಡಿಕೊಳ್ಳುವವರಿಗೆ ಅವರದೇ ಇನ್ನೊಂದು ಪಾಠಮಾಲೆಯು ಅಂತರ್ಜಾಲದಲ್ಲಿ ದೊರೆಯುವುದು. ಕೆಲವು ಆಸ್ಪತ್ರೆಗಳಲ್ಲಿ ರೋಗಿಯನ್ನು ಮನೆಗೆ ಕಳುಹಿಸುವ ಮುನ್ನ ಮನೆಯವರನ್ನು ವಾರ್ಡಿನಲ್ಲಿಯೇ ಕೂರಿಸಿ ಕಲಿಸುವ ಏರ್ಪಾಡು ಬಂದಿದೆ. ಇವುಗಳ ನಡುವೆ ಊರೂರಿನಲ್ಲಿ ಹಲಗೆ ಹಾಕಿಕೊಂಡ ಖಾಸಗಿ ಸಂಸ್ಥೆಗಳೂ ಉಂಟು.

ಪಾಠಶಾಲೆಯಲ್ಲಿ ಯಾವ ಗ್ರಂಥವನ್ನು ಹಿಡಿಯುವ ಮುನ್ನವೂ ಅನುಬಂಧ ಚತುಷ್ಟಯವನ್ನು ವಿಚಾರಿಸುವ ಪದ್ಧತಿ ನಮಗಿತ್ತು. ಇದನ್ನು ಓದಲು ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು, ಇವುಗಳಿಗೆ ಪರಸ್ಪರ ಸಂಬಂಧವೇನು? ಹುಡುಗರಾಗಿದ್ದಾಗ ಇದು ನಮಗೆ ಬೇಸರದ ಪೀಠಿಕೆಯಾಗಿತ್ತು. ಈಗ ತರಬೇತಿಯ ಜಾಹೀರಾತುಗಳನ್ನು ಓದುವಾಗ ಅದರಷ್ಟು ಉಪಯುಕ್ತವಾದ ಒರೆಗಲ್ಲು ಬೇರೊಂದು ನನಗೆ ತೋರುವುದಿಲ್ಲ.

ವಿಷಯದ ಮಾತು ಸುಲಭ. ಎಲ್ಲ ರೋಗಕ್ಕೂ ಒಂದೇ ಪಾಠವೆನ್ನುವವನು ಎಲ್ಲ ಹುಡುಗರಿಗೂ ಒಂದೇ ಅಂಗಿ ಹೊಲಿಯುವ ದರ್ಜಿಯಂತೆ. ಹಾಸಿಗೆ ಹಿಡಿದವರ ಮನೆಯವರು ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸುವುದನ್ನೂ, ಹಿಮ್ಮಡಿ, ಸೊಂಟದ ಹಿಂದಿನ ಮೂಳೆ, ಮೊಣಕೈಗಳ ಚರ್ಮವನ್ನು ದಿನವೂ ನೋಡುವುದನ್ನೂ ಕಲಿಯಬೇಕು. ನಳಿಗೆಯಲ್ಲಿ ಆಹಾರ ಕೊಡುವವರು ತಲೆಯ ಕಡೆಯನ್ನು ಎತ್ತರಿಸಿ, ಕೊಟ್ಟ ಮೇಲೆಯೂ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಹಾಗೆಯೇ ಕೂರಿಸುವುದನ್ನು ಕಲಿಯಬೇಕು. ಮರೆವಿನ ರೋಗದವರ ಮಗನಿಗೆ ಇವೆರಡೂ ಇಂದು ಬೇಡ; ಸತ್ತು ಎಷ್ಟೋ ವರ್ಷವಾದ ಅಕ್ಕನನ್ನು ತಾಯಿ ಕೂಗಿ ಕರೆದಾಗ ಏನು ಉತ್ತರ ಹೇಳಬೇಕೆಂಬುದು ಅವನಿಗೆ ಬೇಕು. ಇನ್ನು, ಕಲಿಸುವವನ ತಿಳಿವು ಹಳತೋ ಹೊಸತೋ ಎಂದು ಅರಿಯಲು ಒಂದು ಚಿಕ್ಕ ಪರೀಕ್ಷೆಯುಂಟು. ಮಲಗಿದವರ ಮೈಯಲ್ಲಿ ಕೆಂಪೇರಿದ ಜಾಗವನ್ನು ಸ್ಪಿರಿಟ್ಟು ಹಚ್ಚಿ ತಿಕ್ಕಬೇಕೆಂದು ಒಂದು ಕಾಲದಲ್ಲಿ ಹೇಳಿಕೊಡುತ್ತಿದ್ದರು. ಮೂಳೆಯ ಮೇಲೆ ಹಾಗೆ ತಿಕ್ಕುವುದು ಒಳಗಿನ ಮಾಂಸಕ್ಕೆ ಕೇಡೆಂದು ಈಗ ಆ ರೂಢಿಯನ್ನು ಬಿಟ್ಟಿದ್ದಾರೆ. ಇನ್ನೂ ತಿಕ್ಕಿರೆಂದು ಹೇಳುವ ಗುರುವಿಗೆ ನಮಸ್ಕಾರ ಮಾಡಿ ಎದ್ದು ಬರಬಹುದು.

ಸಂಬಂಧವೆಂಬುದು ಪಾಠಕ್ಕೂ ಮನೆಗೂ ಇರತಕ್ಕ ಹೊಂದಿಕೆ. ತರಗತಿಯಲ್ಲಿ ಗೊಂಬೆಯನ್ನು ಎತ್ತರಿಸಿ ಇಳಿಸಬಹುದಾದ ಮಂಚದ ಮೇಲೆ ಮಲಗಿಸಿ ತೋರಿಸುವರು. ನಮ್ಮ ಮನೆಯಲ್ಲಿ ಅಜ್ಜನು ಮಲಗಿರುವುದು ಗೋಡೆಗೆ ಒತ್ತಿದ ಹಳೆಯ ಕಬ್ಬಿಣದ ಮಂಚದ ಮೇಲೆ, ಬಚ್ಚಲಿಗೆ ಇಳಿಯಬೇಕಾದುದು ಎರಡು ಮೆಟ್ಟಿಲು, ಆ ಬಾಗಿಲಿನಲ್ಲಿ ಗಾಲಿಕುರ್ಚಿ ಹಿಡಿಸುವುದಿಲ್ಲ. ಮನೆಯನ್ನು ಒಮ್ಮೆಯಾದರೂ ಕಣ್ಣಿಂದ ನೋಡದ ಶಿಕ್ಷಕನ ಪಾಠವು ಅರ್ಧ ಪಾಠ. ಹೇಳಿದುದನ್ನು ಕಲಿಯುವವನ ಕೈಯಿಂದಲೇ ಮಾಡಿಸಿ ನೋಡದ ಪಾಠವು ಆ ಅರ್ಧವೂ ಅಲ್ಲ. ನಲವತ್ತು ವರ್ಷ ಹುಡುಗರಿಗೆ ಶಬ್ದಮಂಜರಿಯನ್ನು ಕಲಿಸಿದವನಾಗಿ ನಾನು ಇಷ್ಟನ್ನು ಬಲ್ಲೆ: ತಿಳಿಯಿತೆ ಎಂದು ಕೇಳಿದರೆ ಎಲ್ಲರೂ ತಿಳಿಯಿತೆನ್ನುವರು, ಹೇಳು ನೋಡೋಣ ಎಂದಾಗ ಮಾತ್ರ ನಿಜವು ಹೊರಬೀಳುವುದು. ಅಂತರ್ಜಾಲದ ಪಾಠಗಳಿಗೆ ಇರುವ ಕುಂದು ಇದೇ. ರೋಗಿಯನ್ನು ಬಿಟ್ಟು ಹೊರಡಲಾರದವರಿಗೆ ಅವು ವರವೆಂಬುದು ನಿಜ. ಆದರೆ ಕೈ ಹಿಡಿದು ತಿದ್ದುವವರಿಲ್ಲ. ಒಲೆಯ ಮೇಲೆ ಹಾಲು, ಒಳಗಿನಿಂದ ಕೂಗು, ಇವುಗಳ ನಡುವೆ ಮೂರನೆಯ ಪಾಠಕ್ಕೇ ನಿಂತುಹೋಗುವುದೂ ಉಂಟು.

ಪ್ರಯೋಜನದ ವಿಚಾರದಲ್ಲಿಯೇ ಹೆಚ್ಚಿನ ಗೊಂದಲ. ನನ್ನ ಹಳೆಯ ಶಿಷ್ಯನೊಬ್ಬನು, ಈಗ ಮಧ್ಯವಯಸ್ಕ, ತಂದೆಗೆ ಬಲಭಾಗ ಬಿದ್ದು ಮಾತು ನಿಂತ ಸಮಯದಲ್ಲಿ ನನ್ನಲ್ಲಿಗೆ ಬಂದನು. ಜಿಲ್ಲಾ ಕೇಂದ್ರದ ಒಂದು ಸಂಸ್ಥೆಯ ಹಾಳೆಯು ಅವನ ಕೈಯಲ್ಲಿತ್ತು. ಮೂರು ತಿಂಗಳ ತರಬೇತಿ, ಒಂದು ತಿಂಗಳ ಸಂಬಳದಷ್ಟು ಶುಲ್ಕ, ಕೊನೆಗೆ ಚೌಕಟ್ಟಿನಲ್ಲಿ ಹಾಕಿಸಬಹುದಾದ ಪ್ರಮಾಣಪತ್ರ, ಹೊರದೇಶದಲ್ಲಿ ಕೆಲಸದ ಅವಕಾಶ. ಆಸ್ಪತ್ರೆಯ ದಾದಿಯೊಬ್ಬಳು, ಬಿಡುಗಡೆಗೆ ಮುನ್ನ ನಾಲ್ಕು ಮಧ್ಯಾಹ್ನ ಬಂದರೆ ತಾನೇ ಹೇಳಿಕೊಡುವೆನೆಂದು ಅಂದಿದ್ದಳಂತೆ. ಅದಕ್ಕೆ ಶುಲ್ಕವೂ ಇಲ್ಲ, ಪತ್ರವೂ ಇಲ್ಲ. "ಮೇಷ್ಟ್ರೇ, ಪುಕ್ಕಟೆಯಾಗಿ ನಾಲ್ಕು ದಿನದಲ್ಲಿ ಕಲಿಸುವುದರಲ್ಲಿ ಏನಿದ್ದೀತು?" ಎಂದು ಅವನ ಸಂಶಯ. ಹಾಳೆಯನ್ನು ಓದಿ ನೋಡಿದೆ. ಅದರಲ್ಲಿ ಅರ್ಧ ಭಾಗವು ಆಸ್ಪತ್ರೆಯ ನಿಯಮಗಳೂ, ಸಂದರ್ಶನದಲ್ಲಿ ಮಾತನಾಡುವ ಬಗೆಯೂ ಆಗಿತ್ತು. ಅದು ಕೆಟ್ಟ ಪಾಠವೆಂದಲ್ಲ. ಜೀವನೋಪಾಯಕ್ಕಾಗಿ ಕಲಿಯುವ ಬಡವರ ಮಕ್ಕಳಿಗೆ ಅದು ಬೇಕಾದುದೇ. ಆದರೆ ಅದರ ಫಲವು ಉದ್ಯೋಗ. ಇವನಿಗೆ ಬೇಕಾದ ಫಲವು ತಂದೆಯು ಹುಣ್ಣಿಲ್ಲದೆ, ಉಸಿರು ಕಟ್ಟದೆ, ಮಾನವಾಗಿ ಇರುವುದು. ಫಲವು ಬೇರೆಯಾದಾಗ ಶಾಸ್ತ್ರವೂ ಬೇರೆ. ಮೇಲಾಗಿ, ಆ ಮೂರು ತಿಂಗಳು ತಂದೆಯ ಹತ್ತಿರ ಯಾರಿರುವರು? ಮನೆಯವರಿಗಾಗಿ ಏರ್ಪಡಿಸಿದ ತರಬೇತಿಯು ಈ ಪ್ರಶ್ನೆಯನ್ನು ತಾನಾಗಿ ಕೇಳದಿದ್ದರೆ ಅದು ಮನೆಯವರಿಗಾಗಿ ಏರ್ಪಟ್ಟುದಲ್ಲ. "ನಾಲ್ಕು ಮಧ್ಯಾಹ್ನಕ್ಕೇ ಹೋಗಪ್ಪಾ, ನಿನ್ನ ತಂದೆಯ ಮೈಯನ್ನೇ ಮುಟ್ಟಿ ಕಲಿಯುವೆ" ಎಂದೆನು.

ಹೋಗುವುದಾದರೆ ತನ್ನ ಹೆಂಡತಿಯನ್ನು ಕಳುಹಿಸುವುದಾಗಿ ಅವನ ಯೋಚನೆ. ಜೊತೆಯಲ್ಲಿ ಬಂದಿದ್ದ ಆಕೆ ಅದುವರೆಗೂ ಬಾಯಿ ತೆರೆದಿರಲಿಲ್ಲ. ಆಗ ಮೆಲ್ಲನೆ, "ಕಲಿಯುವುದಕ್ಕೆ ನನ್ನ ಅಡ್ಡಿಯಿಲ್ಲ ಮೇಷ್ಟ್ರೇ. ಕಲಿತವರ ಮೇಲೆಯೇ ಎಲ್ಲವೂ ಬೀಳುತ್ತದಲ್ಲವೆ, ಅದೊಂದೇ" ಎಂದಳು.

ಅಧಿಕಾರಿಯ ವಿಚಾರವೆಲ್ಲವೂ ಆ ಒಂದು ವಾಕ್ಯದಲ್ಲಿ ಇತ್ತು. ಜ್ಞಾನವು ಬಂಧವನ್ನು ಬಿಡಿಸುವುದೆಂದು ನಾವು ವೇದಾಂತದಲ್ಲಿ ಓದುತ್ತೇವೆ; ಸಂಸಾರದಲ್ಲಿ ಅದು ಅನೇಕ ಸಲ ಬಂಧವನ್ನು ಬಿಗಿಮಾಡುವುದು. ಮನೆಯಲ್ಲಿ ನಳಿಗೆಯ ಕ್ರಮವನ್ನು ಬಲ್ಲವಳು ಒಬ್ಬಳೇ ಆದರೆ ಆಕೆ ತಂಗಿಯ ಮದುವೆಗೂ ಎರಡು ದಿನ ಹೋಗಲಾರಳು. "ನಮಗೆ ಗೊತ್ತಿಲ್ಲವಲ್ಲ" ಎಂಬ ಮಾತು ಉಳಿದವರಿಗೆ ಬಹಳ ಹಿತವಾದ ಕವಚ. ತಿಳಿಯದಿರುವುದು ಇಲ್ಲಿ ಅಸಾಮರ್ಥ್ಯವಲ್ಲ, ಒಂದು ಬಗೆಯ ಅನುಕೂಲ. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಬಂದ ಕಾನೂನು ಮಕ್ಕಳೆಂಬ ಶಬ್ದಕ್ಕೆ ಅರ್ಥ ಹೇಳುವಾಗ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದಿತು. ಅಲ್ಲಿ ಸೊಸೆಯ ಹೆಸರಿಲ್ಲ. ಕಾನೂನಿನಲ್ಲಿ ಹೆಸರಿಲ್ಲದವಳಿಗೇ ತರಬೇತಿಯ ಪೀಠವನ್ನು ಕಾದಿರಿಸುವುದು ನಮ್ಮ ಮನೆಗಳ ನ್ಯಾಯ. ಆಕೆಯ ಪ್ರೀತಿಯನ್ನೋ ಕರ್ತವ್ಯವನ್ನೋ ನಾನು ಅಲ್ಲಗಳೆಯುತ್ತಿಲ್ಲ. ಮಗನಿಗೆ ಕಲಿಯಲು ಕೈಗಳಿಲ್ಲವೆ ಎಂದು ಕೇಳುತ್ತಿದ್ದೇನೆ. ಮಾವನ ಮೈಯನ್ನು ಸೊಸೆಯು ತೊಳೆಯಬೇಕಾದಾಗ ಆಕೆಗೆ ಆಗುವ ಸಂಕೋಚಕ್ಕಿಂತ ಮಾತು ನಿಂತ ಆ ಮುದುಕನಿಗೆ ಆಗುವ ಸಂಕೋಚವು ಕಡಿಮೆಯೇ?

ಸುಶ್ರುತರು ಪರಿಚಾರಕನಿಗೆ ಹೇಳಿದ ಗುಣಗಳಲ್ಲಿ ಅಸಹ್ಯಪಡದಿರುವುದೂ ಬಲವೂ ಅಲ್ಲದೆ ಅಶ್ರಾಂತತ್ವವೂ ಒಂದು, ಎಂದರೆ ದಣಿಯದಿರುವುದು. ಒಬ್ಬ ಮನುಷ್ಯನಲ್ಲಿ ಇದು ಸಾಧ್ಯವೆ? ಎರಡೆರಡು ಗಂಟೆಗೆ ಎದ್ದು ಮಗ್ಗುಲು ತಿರುಗಿಸುವವರು ಒಂದು ವಾರ ದಣಿಯದಿರಬಹುದು, ಒಂದು ವರ್ಷ? ಆದುದರಿಂದ ಅಶ್ರಾಂತತ್ವವನ್ನು ವ್ಯಕ್ತಿಯ ಗುಣವೆನ್ನದೆ ಮನೆಯ ಗುಣವೆಂದು ತಿಳಿಯುವುದೇ ಸರಿಯೆಂದು ನನ್ನ ಮತ. ಒಬ್ಬರು ಮಲಗಿದಾಗ ಮತ್ತೊಬ್ಬರು ಎಚ್ಚರಿರುವಷ್ಟು ಮಂದಿ ಕಲಿತಿರಬೇಕು. ಮನೆಯಿಂದ ಒಬ್ಬರನ್ನೇ ಸೇರಿಸಿಕೊಳ್ಳುವ ತರಬೇತಿಗಿಂತ ಇಬ್ಬರು ಬನ್ನಿರೆಂದು ಕೇಳುವ ತರಬೇತಿಯು ಮೇಲು. ಆ ಇಬ್ಬರಲ್ಲಿ ಒಬ್ಬನು ಗಂಡಸಾಗಿರಲಿ ಎನ್ನುವುದು ಇನ್ನೂ ಮೇಲು. ನೋಡಿಕೊಳ್ಳುವವರ ಬೆನ್ನುನೋವು, ನಿದ್ದೆಗೇಡು, ಸಿಡುಕು, ಒಮ್ಮೊಮ್ಮೆ ಈ ಜೀವ ಹೋಗಬಾರದೆ ಎಂದು ಮನಸ್ಸಿನಲ್ಲಿ ಹಾಯ್ದುಹೋಗುವ ಯೋಚನೆ, ಇವುಗಳನ್ನು ಬಾಯಿಬಿಟ್ಟು ಆಡಲು ಒಂದು ಗಂಟೆಯನ್ನಾದರೂ ಮೀಸಲಿಡದ ಪಾಠಪಟ್ಟಿಯು ಕಲಿಯುವವರನ್ನು ಯಂತ್ರವೆಂದು ತಿಳಿದುದಾಗಿದೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಮನೆಯವರನ್ನು ಆವರಣದಲ್ಲಿಯೇ ಡೇರೆ ಹಾಕಿಸಿ ಉಳಿಸಿಕೊಂಡರು. ಅವರು ರೋಗಿಯನ್ನು ನೋಡಿಕೊಳ್ಳುವುದನ್ನು ಅಲ್ಲಿಯೇ ಕಲಿತರು; ಪಕ್ಕದ ಡೇರೆಯವರ ಕಥೆಯನ್ನು ಕೇಳಿದಾಗ ತಮ್ಮ ಮನೆಯೊಂದೇ ಶಾಪಗ್ರಸ್ತವಲ್ಲವೆಂದು ತಿಳಿಯುವುದಕ್ಕೂ ಅಲ್ಲಿ ಎಡೆಯಿತ್ತು.

ಶುಶ್ರೂಷಾ ಎಂಬ ಶಬ್ದವನ್ನು ನಾವು ಸೇವೆಯೆಂಬ ಅರ್ಥದಲ್ಲಿ ಬಳಸಿ ಬಳಸಿ ಅದರ ಮೂಲವನ್ನು ಮರೆತಿದ್ದೇವೆ. ಶ್ರು ಎಂಬುದು ಕೇಳುವುದೆಂಬ ಅರ್ಥದ ಧಾತು. ಅದಕ್ಕೆ ಇಚ್ಛಾರ್ಥದ ಸನ್ ಪ್ರತ್ಯಯವು ಬಂದು ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆಯಾಯಿತು. ಗುರುವಿನ ಮಾತನ್ನು ಕೇಳಲು ಬಯಸಿದವನು ಅವನ ಬಳಿಯಲ್ಲಿದ್ದು ಸೇವೆ ಮಾಡಿದನಾದುದರಿಂದ ಅರ್ಥವು ಆ ಕಡೆಗೆ ಹರಿಯಿತು. ಮನೆಯವರ ತರಬೇತಿಯಲ್ಲಿ ಮೊದಲ ಪಾಠವು ಯಾವುದಾಗಿರಬೇಕೆಂಬುದನ್ನು ಈ ಧಾತುವೇ ಹೇಳುತ್ತಿದೆ. ರೋಗಿಗೆ ಏನು ಬೇಕೆಂದು ಅವನನ್ನೇ ಕೇಳುವುದು. ಮಾತು ಹೋದವನಾದರೆ ಕಣ್ಣನ್ನೂ ಎಡಗೈಯ ಬೆರಳನ್ನೂ ಓದುವುದು. ಅವನ ಎದುರಿನಲ್ಲಿಯೇ ಅವನ ವಿಷಯವನ್ನು ಪಿಸುಗುಟ್ಟದಿರುವುದು. ನೈಟಿಂಗೇಲಳು ಈ ಪಿಸುಮಾತನ್ನು ರೋಗಿಗೆ ಮಾಡುವ ದೊಡ್ಡ ಅಪಕಾರಗಳಲ್ಲಿ ಎಣಿಸಿದ್ದಾಳೆ. ಯಾವ ತರಬೇತಿಗೆ ಸೇರಬೇಕೆಂಬುದನ್ನು ನಾವು ಮಗ, ಸೊಸೆ, ಅಳಿಯ, ಮೇಷ್ಟರು ಎಲ್ಲರೂ ಕುಳಿತು ಚರ್ಚಿಸುತ್ತೇವೆ. ಯಾರ ಮೈಯ ಮೇಲೆ ಆ ವಿದ್ಯೆಯು ಪ್ರಯೋಗವಾಗುವುದೋ ಆತನನ್ನು ಕೇಳಿದವರು ಎಷ್ಟು ಮಂದಿ? ನನ್ನ ಶಿಷ್ಯನೂ ಅವನ ಹೆಂಡತಿಯೂ ಇಬ್ಬರೂ ಆ ನಾಲ್ಕು ಮಧ್ಯಾಹ್ನ ಹೋದರು. ಎರಡನೆಯ ದಿನ ದಾದಿಯು, ಸ್ನಾನ ಮಾಡಿಸುವುದು ಯಾರಾಗಬೇಕೆಂದು ಮುದುಕನನ್ನೇ ಕೇಳಿದಳಂತೆ. ಆತನು ಎಡಗೈಯಿಂದ ಮಗನನ್ನು ತೋರಿಸಿದನಂತೆ.

ಕಡೆಗೆ ಇನ್ನೊಂದು ವಿಷಯವುಂಟು. ಅದನ್ನು ಬಹುಪಾಲು ತರಬೇತಿಗಳು ಮುಟ್ಟುವುದೇ ಇಲ್ಲ. ಯಾವಾಗ ಏನನ್ನು ಮಾಡದಿರಬೇಕು? ವಾಸಿಯಾಗದ ರೋಗದ ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಅಡಗುವುದು. ಆಗ ಬಲವಂತವಾಗಿ ಉಣಿಸುವುದು ಪ್ರೀತಿಯಂತೆ ತೋರಿ ಹಿಂಸೆಯಾಗುವುದು. ಅಂತಹ ಹೊತ್ತಿನಲ್ಲಿ ತುಟಿಯನ್ನು ಒದ್ದೆ ಮಾಡುವುದು, ನೋವಿಗೆ ವೈದ್ಯರು ಹೇಳಿದ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಹತ್ತಿರ ಕುಳಿತಿರುವುದು, ಇವೇ ಕಾರ್ಯಗಳು. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ನೋವು ನಿವಾರಣೆಗೆಂದು ಆರಂಭವಾದ ಸಂಘವೊಂದರಿಂದ ಬೆಳೆದ ಕೆಲಸವು ನೆರೆಹೊರೆಯ ಸಾಮಾನ್ಯ ಜನರನ್ನೇ ಕಲಿಸಿ ರೋಗಿಗಳ ಮನೆಮನೆಗೆ ಕಳುಹಿಸುವಷ್ಟಾಯಿತು. 2008ರಲ್ಲಿ ಅಲ್ಲಿಯ ಸರಕಾರವು ಅದನ್ನು ತನ್ನ ನೀತಿಯಾಗಿ ಸ್ವೀಕರಿಸಿತು. ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ. ಇಂತಹ ಸ್ಥಳಗಳಲ್ಲಿ ಪಳಗಿದವರೊಬ್ಬರನ್ನು ಕರೆಸಿ ನಮ್ಮ ಸಂಘದ ಆಶ್ರಯದಲ್ಲಿ ಎರಡು ಭಾನುವಾರ ಪಾಠ ಏರ್ಪಡಿಸಬಹುದೆಂದು ಕಾರ್ಯದರ್ಶಿಗಳಿಗೆ ಸೂಚಿಸಿದ್ದೇನೆ. ಸಭಾಂಗಣದಲ್ಲಿ ಒಂದು ಮಂಚ ಬೇಕಾಗುವುದು; ಕುರ್ಚಿಗಳನ್ನು ಇಪ್ಪತ್ತಕ್ಕಿಂತ ಹೆಚ್ಚು ಹಾಕುವುದು ಬೇಡ. ಬರುವವರು ಮನೆಯಿಂದ ಇಬ್ಬಿಬ್ಬರಾಗಿ ಬರಲಿ. ಆ ಹೊತ್ತಿನಲ್ಲಿ ಅವರ ಮನೆಯ ರೋಗಿಯ ಬಳಿ ಕುಳಿತುಕೊಳ್ಳಲು ಸಂಘದ ಸದಸ್ಯರಲ್ಲಿ ಯಾರು ಸಿದ್ಧರೆಂಬುದನ್ನು ಮೊದಲು ಪಟ್ಟಿ ಮಾಡಬೇಕಾಗಿದೆ.